ಕುರ್ಚಿ ಒಂದು, ರಿಪೇರಿಗೆ

ಕುಟುಂಬ ವಿವರಗಳ ಇಲಾಖೆಯಲ್ಲಿ ಕುರ್ಚಿಗೆ ಸರಪಳಿ ಬಿಗಿದು, ಅಂಗೈಯಗಲದ ಬೀಗ ಜಡಿದಿದ್ದ ಲ್ಯಾಪ್‌ಟಾಪ್ ಹಾಡಹಗಲೇ ಕಳುವಾಯಿತು. ಹೇಗೆ, ನೀವೇ ಊಹಿಸಿ ನೋಡೋಣ. ಸರಪಳಿ ಕತ್ತರಿಸಿದನೇ? ಇಲ್ಲ. ಬೀಗ ಒಡೆದನೇ? ಛೆ, ಸರ್ಕಾರಿ ಸ್ವತ್ತು ಹಾಳುಮಾಡುವ ಪೈಕಿಯ ಕಳ್ಳನಲ್ಲ ಅವನು. ಕುರ್ಚಿಗೆ ಚಕ್ರಗಳಿದ್ದವು. ಲ್ಯಾಪ್‌ಟಾಪಿನ ಮೇಲೊಂದು ಟವಲು ಹೊದಿಸಿ, ತಳ್ಳಿಕೊಂಡು ಹೋದ.

ಗೇಟಿನ ಕಾವಲುಗಾರ ತಡೆಯಲಿಲ್ಲವೇ ಎಂದರೆ, ತಡೆದ. ತಡೆದು ರಿಜಿಸ್ಟರಿನಲ್ಲಿ ‘ಕುರ್ಚಿ ಒಂದು, ರಿಪೇರಿಗೆ’ ಎಂದು ಬರೆದು, ಹೆಸರು, ಫೋನ್ ನಂಬರು, ಸಹಿ ಎಲ್ಲ ಪಡೆದು, ಮೆಟ್ಟಿಲು ಇಳಿಸುವಾಗ ಒಂದು ಕೈಯನ್ನೂ ಕೊಟ್ಟ.

ಆ ಲ್ಯಾಪ್‌ಟಾಪ್ ಹೆಡ್ ಗುಮಾಸ್ತರ ಸುಪರ್ದಿಯಲ್ಲಿತ್ತು. ಅದರ ಹೊಟ್ಟೆಯಲ್ಲಿ ನಲವತ್ತು ಸಾವಿರ ಮನೆಗಳ ಗುಟ್ಟು: ಯಾರಿಗೆ ಯಾವ ಕಾಯಿಲೆ, ಯಾರಿಗೆಷ್ಟು ಸಂಬಳ, ಯಾರ ಗಂಡ ಯಾರ ಮನೆಯಲ್ಲಿ. ಗುಮಾಸ್ತರ ನಿವೃತ್ತಿಗೆ ಇನ್ನು ಹತ್ತೇ ದಿನ. ನಿವೃತ್ತಿಯ ದಿನದ್ದೇ ಮಧ್ಯಾಹ್ನದ ರೈಲಿಗೆ ಗಂಡ ಹೆಂಡತಿ ಟಿಕೆಟ್ ಮಾಡಿಸಿದ್ದರು. ಮಗಳ ಮಗುವಿಗೆ ಎಂಟು ತಿಂಗಳಾದರೂ ತಾತ ಮುಖ ನೋಡಿರಲಿಲ್ಲ. ರಜೆ ಕೇಳಿದಾಗಲೆಲ್ಲ ಸಾಹೇಬರದು ಒಂದೇ ಮಾತು: “ಲ್ಯಾಪ್‌ಟಾಪ್ ಯಾರ ಸುಪರ್ದಿಗೆ ಕೊಟ್ಟು ಹೋಗ್ತೀರಿ?”

ಈಗ ಸಾಹೇಬರು ರಿಜಿಸ್ಟರು ತರಿಸಿ, ಕನ್ನಡಕ ಏರಿಸಿ ನೋಡಿದರು. “ಕುರ್ಚಿ ಹೋಗಿದೆ. ಲ್ಯಾಪ್‌ಟಾಪ್ ಹೋಗಿದ್ದು ಎಲ್ಲಿದೆ ಇದರಲ್ಲಿ?”

“ಕುರ್ಚಿ ಮೇಲೇ ಇತ್ತಲ್ಲ ಸಾರ್.”

“ಹೊರಗೆ ಹೋದ ಎಂಟ್ರಿ ಇಲ್ಲ ಅಂದ್ಮೇಲೆ ಒಳಗೇ ಇದೆ. ಹುಡುಕಿ. ಸಿಗೋವರೆಗೂ ನಿಮ್ಮನ್ನ ಬಿಡುಗಡೆ ಮಾಡೋ ಹಾಗಿಲ್ಲ.”

ಸುತ್ತೋಲೆ ಹೊರಟಿತು: ‘ಸಿಬ್ಬಂದಿಯು ತಂತಮ್ಮ ಮೇಜಿನ ಕೆಳಗೆ ದಿನಕ್ಕೆರಡು ಬಾರಿ ಬಗ್ಗಿ ನೋಡತಕ್ಕದ್ದು. ಬಗ್ಗಲಾಗದವರು ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸತಕ್ಕದ್ದು.’ ಮೂರು ದಿನ ಬಗ್ಗಿದರು. ಎರಡು ಛತ್ರಿ ಸಿಕ್ಕವು. ನಾಲ್ಕು ವರ್ಷದ ಹಿಂದೆ ವರ್ಗವಾಗಿ ಹೋದನೆಂದು ಎಲ್ಲರೂ ನಂಬಿದ್ದ ಜವಾನನೊಬ್ಬ ಸಿಕ್ಕ, ಮಲಗಿದ್ದ ಸ್ಥಿತಿಯಲ್ಲಿ.

ಮನೆಯಲ್ಲಿ ಹೆಂಡತಿ ಕೇಳಿದರು: “ಅಲ್ಲಾ ರೀ, ರಿಜಿಸ್ಟರಲ್ಲಿ ಆ ಕಳ್ಳನ ನಂಬರ್ ಇದೆಯಲ್ಲ. ಒಂದು ಫೋನ್ ಮಾಡಬಾರದಾ?”

“ಅಷ್ಟು ಸುಲಭವಾಗಿ ಕೆಲಸ ಮಾಡೋಕೆ ನಮ್ಮಲ್ಲಿ ಅವಕಾಶ ಇಲ್ಲ ಕಣೆ.”

“ಹಾಗಾದ್ರೆ ಮೇಜಿನ ಕೆಳಗೇ ಇರಿ. ನಾನು ಮೊಮ್ಮಗಳನ್ನ ನೋಡ್ಕೊಂಡು ಬರ್ತೀನಿ.”

ಗುಮಾಸ್ತರು ಫೋನ್ ಮಾಡಿದರು. ಮೊದಲ ರಿಂಗಿಗೇ ಕಳ್ಳ ಎತ್ತಿದ. “ಅಯ್ಯೋ ಸ್ವಾಮಿ, ನಿಮ್ಮ ಹೊಟ್ಟೆ ತಣ್ಣಗಿರಲಿ! ಕುರ್ಚಿ ಸಮೇತ ಲ್ಯಾಪ್‌ಟಾಪ್ ಯಾರು ತಗೋತಾರೆ? ಅದು ಆನ್ ಆಗೋಷ್ಟರಲ್ಲಿ, ಊಟ ಮಾಡ್ಕೊಂಡು ಬರ್ತೀನಿ ಅಂತ ಹೋದ ಗಿರಾಕಿ ಬರೋದೇ ಇಲ್ಲ. ನಾಳೆನೇ ತರ್ತೀನಿ.”

ತಂದ. ಕಾವಲುಗಾರ ಅಡ್ಡ ನಿಂತ. “ಕುರ್ಚಿ ಬರಲಿ. ಲ್ಯಾಪ್‌ಟಾಪ್ ಬಿಡಕ್ಕಾಗಲ್ಲ. ಹೊರಗೇ ಹೋಗದೆ ಇರೋದು ಒಳಗೆ ಹೇಗಪ್ಪಾ ಬರುತ್ತೆ?”

“ಸರಿ, ಬೀಗ ತೆಗೀರಿ ಮತ್ತೆ.”

ಕೀಲಿ ಭದ್ರತಾಧಿಕಾರಿಯ ಬಳಿ ಇತ್ತು. ಅವರು ಕೀಲಿಗಳ ಸಂರಕ್ಷಣೆ ಕುರಿತ ತರಬೇತಿಗೆ ಹೋಗಿದ್ದರು.

ಕಳ್ಳ ಗೇಟಿನ ಹೊರಗೆ ಅದೇ ಕುರ್ಚಿಯಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಒಳಗೆ ‘ಸಿಸ್ಟಮ್ ಇಲ್ಲ’ ಅನ್ನಿಸಿಕೊಂಡು ಬಂದ ಮುದುಕಿಯೊಬ್ಬಳು ಹೊರಗೆ ಸಿಸ್ಟಮ್ ಕಂಡು ನಿಂತಳು. ಪಾಸ್‌ವರ್ಡು ಯಂತ್ರದ ತಳದಲ್ಲೇ ಅಂಟಿಸಿತ್ತು, ಭದ್ರತಾಧಿಕಾರಿಯ ದುಂಡನೆಯ ಅಕ್ಷರದಲ್ಲಿ: ‘ಅತಿ ಗೋಪ್ಯ. ಯಾರೂ ಓದಕೂಡದು.’ ಆರು ವರ್ಷದಿಂದ ತಪ್ಪಾಗಿದ್ದ ಅವಳ ಮಗನ ಹೆಸರನ್ನು ಕಳ್ಳ ಹತ್ತು ನಿಮಿಷದಲ್ಲಿ ತಿದ್ದಿದ. ಮರುದಿನ ಸಾಲು ಪಕ್ಕದ ಬೀದಿ ಮುಟ್ಟಿತು. “ದೂರ ನಿಲ್ರಮ್ಮಾ, ಬೇರೆಯವರ ವಿಷಯ ಇಣುಕಬೇಡಿ,” ಎನ್ನುತ್ತಿದ್ದ. ಆ ಇಲಾಖೆಯಲ್ಲಿ ಈ ಮಾತನ್ನು ಯಾರೂ ಅದುವರೆಗೆ ಆಡಿರಲಿಲ್ಲ.

ಭದ್ರತಾಧಿಕಾರಿ ತರಬೇತಿ ಮುಗಿಸಿ ಬಂದರು. ಕೀಲಿ ಅಲ್ಲೇ ಕಳೆದುಹೋಗಿತ್ತು. ಬಂದವರೇ ವರದಿ ಬರೆದರು: ‘ಕಳ್ಳನ ಕೈಲಿರುವ ವಸ್ತುವನ್ನು ಕಳ್ಳರು ಕದ್ದ ನಿದರ್ಶನವಿಲ್ಲವಾದ್ದರಿಂದ, ಸದರಿ ಮಾಹಿತಿಯು ಇಲಾಖೆಯ ಇತಿಹಾಸದಲ್ಲೇ ಅತ್ಯಂತ ಸುರಕ್ಷಿತವಾಗಿರುತ್ತದೆ.’

ನಿವೃತ್ತಿಯ ದಿನ ಬಂದೇ ಬಂತು. ಗುಮಾಸ್ತರ ಹೆಂಡತಿ ಪೆಟ್ಟಿಗೆಗಳೊಂದಿಗೆ ಗೇಟಿನ ಎದುರು ಆಟೊದಲ್ಲಿ ಕೂತಿದ್ದರು. ಸಾಹೇಬರು ಕಿಟಕಿಯಿಂದ ಆಟೊ, ಕಳ್ಳ, ಸಾಲು ಮೂರನ್ನೂ ನೋಡಿ ಆದೇಶ ಹೊರಡಿಸಿದರು: ‘ಗೇಟಿನ ಹೊರಗಿನ ಹತ್ತಡಿ ಜಾಗವನ್ನು ಕಚೇರಿಯ ಒಳಭಾಗವೆಂದು ಪರಿಗಣಿಸತಕ್ಕದ್ದು.’ ಲ್ಯಾಪ್‌ಟಾಪ್ ಒಳಗೇ ಸಿಕ್ಕಿತು.

“ಅವನಿಗೇ ಚಾರ್ಜ್ ಕೊಟ್ಟುಬಿಡಿ,” ಅಂದರು ಸಾಹೇಬರು.

“ಸಾರ್, ಅವನು ಕಳ್ಳ ಅಲ್ವಾ?”

“ಕಳುವೇ ಆಗಿಲ್ಲ ಅಂದ್ಮೇಲೆ ಕಳ್ಳ ಎಲ್ಲಿಂದ ಬಂದ ರೀ?”

ಕಳ್ಳ ಸಹಿ ಹಾಕಿ ತಲೆ ಕೆರೆದ. “ಸ್ವಾಮಿ, ನಂಗೆ ರಜೆ ಬೇಕಾದ್ರೆ?”

“ಲ್ಯಾಪ್‌ಟಾಪ್ ಯಾರ ಸುಪರ್ದಿಗೆ ಕೊಟ್ಟು ಹೋಗ್ತೀಯಪ್ಪಾ?” ಎಂದು ಗುಮಾಸ್ತರು ಅವನ ಬೆನ್ನು ತಟ್ಟಿ, ಆಟೊದ ಕಡೆ ಓಡಿದರು.

ಕಾವಲುಗಾರ ತಡೆದ. ರಿಜಿಸ್ಟರು ತೆರೆದು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಬರೆದ: ‘ಹೆಡ್ ಗುಮಾಸ್ತ, ಒಂದು. ವಾಪಸ್ ಬರತಕ್ಕದ್ದಲ್ಲ. ಗುರುವಾರ, ೩೧ ಅಕ್ಟೋಬರ್ ೨೦೧೯.’