ಉಳಿದರ್ಧ ಹೇಳುವವರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಮಾತಿನ ಚಿಕಿತ್ಸಕಿ ನಾನು. ಒಂದು ಕಾಲು ಶಾಲೆಯಲ್ಲಿ, ಇನ್ನೊಂದು ಬಸ್ಸಿನ ಮೆಟ್ಟಿಲ ಮೇಲೆ. ಹೀಗೆ ಓಡಾಡುವವಳಿಗೆ ನಗುವ ಪ್ರಸಂಗಗಳು ಹುಡುಕದೆಯೇ ಸಿಗುತ್ತವೆ, ನಗುವುದಕ್ಕೆ ಪುರುಸೊತ್ತು ಮಾತ್ರ ಸಿಗುವುದಿಲ್ಲ.

ಎಲ್ಲರಿಗೂ ಇದೆ

ಸಿದ್ದಾಪುರದ ಕಡೆಯ ಶಾಲೆಯೊಂದರಲ್ಲಿ ಮಾಸ್ತರನ್ನು ಕೇಳಿದೆ, "ಮಾತಿನ ತೊಂದರೆ ಇರುವ ಮಕ್ಕಳು ಇದ್ದಾರಾ ಸರ್?"

"ಇಡೀ ತರಗತಿಗೇ ಇದೆ ಮೇಡಂ."

ಗಾಬರಿಯಾಗಿ ಚೀಲ ಕೆಳಗಿಟ್ಟೆ. "ಏನಾಗುತ್ತದೆ?"

"ಎಂತ ಮಾಡಿದ್ರೂ ನಿಲ್ಸೂದೇ ಇಲ್ಲ. ಅದಕ್ಕೆ ಮದ್ದು ಇದ್ಯಾ?"

ನವಿಲು

ಯಲ್ಲಾಪುರದ ಕಡೆಯ ಶಾಲೆಯ ಅಕ್ಕೋರದು, ಅಂದರೆ ಅಲ್ಲಿನ ಶಿಕ್ಷಕಿಯದು, ಬೇರೆಯೇ ಕಷ್ಟ. ಅರ್ಧ ಮಾತು ಅವರು ಹೇಳುವುದು, ಉಳಿದರ್ಧ ಮಕ್ಕಳು ಒಟ್ಟಾಗಿ ಕೂಗುವುದು. ಅಲ್ಲಿ ಪಾಠವೆಂದರೆ ಹಾಗೆಯೇ. ನಾಲ್ಕನೇ ತರಗತಿಯಲ್ಲಿ ಉಗ್ಗುವ ಹುಡುಗಿಯೊಬ್ಬಳಿದ್ದಳು. ಅವಳು ಒಂದಕ್ಷರಕ್ಕೆ ತಡೆದರೆ ಸಾಕು, ಅಕ್ಕೋರೂ ಮಕ್ಕಳೂ ಸೇರಿ ಮುಗಿಸಿಬಿಡುತ್ತಿದ್ದರು. ಪ್ರೀತಿಯಿಂದಲೇ, ಪಾಪ. ಆದರೆ ಅವಳು ಕೈ ಎತ್ತುವುದನ್ನೇ ಬಿಟ್ಟಿದ್ದಳು.

"ಅವಳು ಮುಗಿಸುವ ತನಕ ಕಾಯಿರಿ" ಎಂದೆ.

"ನನ್ನ ಬಾಯಿ ಕೇಳ್ಬೇಕಲ್ಲ ಮೇಡಂ."

"ಹಾಗಾದರೆ ಬಾಯಿ ತುಂಬ ನೀರು ತುಂಬಿಕೊಳ್ಳಿ."

ತುಂಬಿಕೊಂಡರು. ರಾಷ್ಟ್ರಪಕ್ಷಿ ಯಾವುದೆಂದು ಹುಡುಗಿಯನ್ನು ನಾನೇ ಕೇಳಿದೆ. ಅವಳು "ನ… ನ…" ಎನ್ನುವಷ್ಟರಲ್ಲಿ ಅಕ್ಕೋರು ಗಲ್ಲ ಉಬ್ಬಿಸಿಕೊಂಡೇ ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಕುಣಿದರು. "ನವಿಲು" ಎಂದು ತರಗತಿ ಕೂಗಿತು.

ಗ್ಯಾದರಿಂಗ್

ಕೊನೆಗೂ ಅಕ್ಕೋರು ಕಾಯುವುದನ್ನು ಕಲಿತರು, ಮಕ್ಕಳಿಗೂ ಕಲಿಸಿದರು. ಧೈರ್ಯ ಬಂದ ಹುಡುಗಿ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಸ್ವಾಗತ ತಾನೇ ಮಾಡುತ್ತೇನೆ ಎಂದಳು. ಅಲ್ಲೂ ಯಾರಾದರೂ ಅಡ್ಡ ಬಾಯಿ ಹಾಕಿದರೆ ಇವಳು ಮತ್ತೆ ಮೈಕು ಮುಟ್ಟುವವಳಲ್ಲ ಎಂಬ ಭಯ ನನಗೆ. ವೇದಿಕೆಯ ಪಕ್ಕ ನಿಂತಲ್ಲಿ ನಿಲ್ಲದೆ ಶತಪಥ ಹಾಕುತ್ತಿದ್ದೆ.

ನಾಡಗೀತೆ ಮುಗಿಯಿತು. ಜನ ಇನ್ನೂ ನಿಂತೇ ಇದ್ದರು. ಹುಡುಗಿ ಮೈಕಿನೆದುರು "ಮಾನ್ಯ ಅ… ಅ…" ಎಂದಳು.

ಸಭೆಯಲ್ಲಿದ್ದ ಹೆಚ್ಚಿನವರು ಅದೇ ಅಕ್ಕೋರ ಕೈಯಲ್ಲಿ ಕಲಿತವರು. "ಅಧ್ಯಕ್ಷರೇ" ಎಂದು ಒಟ್ಟಾಗಿ ಮುಗಿಸಿದರು.

ಅಕ್ಕೋರು ತಮ್ಮ ಬಾಯಿ ಮುಚ್ಚಿಕೊಂಡು ಸಭೆಯನ್ನೇ ಗುರಾಯಿಸಿದರು.

ಹುಡುಗಿ ಅಲುಗಲಿಲ್ಲ. "ನಾನೇ ಹೇಳ್ತೆ. ಯಾರೂ ಮಧ್ಯ ಬಾಯಿ ಹಾಕೂದು ಬೇಡ. ಎಲ್ಲರೂ ಕೂ… ಕೂ…"

ಅಷ್ಟರಲ್ಲಿ ಅಧ್ಯಕ್ಷರು ಕುರ್ಚಿಯತ್ತ ಅರ್ಧ ಬಗ್ಗಿಯಾಗಿತ್ತು. ಮುಂದಿನದು ಏನೆಂದು ಊರಿಗೇ ಗೊತ್ತು. ಹೇಳುವ ಹಾಗಿಲ್ಲ, ಅವಳು ಹೇಳದೆ ಕೂರುವ ಧೈರ್ಯವೂ ಇಲ್ಲ. ಆ ದೊಡ್ಡ ಮನುಷ್ಯರು ತೊಡೆ ನಡುಗಿಸುತ್ತ, ಅತ್ತ ನಿಲ್ಲದೆ ಇತ್ತ ಕೂರದೆ ಹಾಗೆಯೇ ಇದ್ದರು, ಅವಳು ಸಾವಕಾಶವಾಗಿ "ಕೂತ್ಕಳಿ" ಎಂದು ಮುಗಿಸುವವರೆಗೆ.