ಪಂಚಾಕ್ಷರಯ್ಯನವರ ಕ್ವಿನೈನ್ ವ್ರತ

ಲಿಂಗಪೂಜೆ ಮುಗಿಸಿದ ಪಂಚಾಕ್ಷರಯ್ಯನವರು ಕ್ವಿನೈನ್ ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಯುದ್ಧಕ್ಕೆ ಹೊರಟ ಪಾಳೇಗಾರನಂತೆ ಎದೆ ಸೆಟೆಸಿದರು. ಅದು ಮೂವತ್ತೆಂಟನೇ ಇಸವಿಯ ಮಳೆಗಾಲ.

“ಹೊಳೆನರಸೀಪುರಕ್ಕೆಲ್ಲ ಚಳಿಜ್ವರ ಬರ್ಲಿ ಕಣೇ! ನನ್ನ ಹೊಸ್ತಿಲು ದಾಟ್ಲಿ ನೋಡಾನ! ಎರಡೊತ್ತೂ ನುಂಗ್ತೀನಿ!”

“ಓದ್ವರ್ಷದ ಕಷಾಯಾನ ಹಿತ್ಲಿನ ಬಾಳೆಗೆ ಕುಡಿಸ್ಬುಟ್ರಲ್ಲ, ಅಂಗೇನಾ?” ಎಂದರು ಹೆಂಡತಿ ಬಸವಲಿಂಗಮ್ಮ.

ಈ ಸಲ ಜವಳಿ ಅಂಗಡಿಯ ಯಜಮಾನ ಪಂಚಾಕ್ಷರಯ್ಯನವರು ನಿಜವಾಗಿಯೂ ನುಂಗಿದರು. ಹೆಂಡತಿ ನಂಬಲಿಲ್ಲ. ಹೊತ್ತಿಗೊಂದು ಮಾತ್ರೆಯನ್ನು ತಾವೂ ಅರೆದು, ಬೆಲ್ಲದ ಕಾಫಿಗೆ ಬೆರೆಸಿ ಕೊಟ್ಟರು. ಮೊದಲೇ ಕಹಿಯಾಗಿದ್ದ ನಾಲಗೆಗೆ ಕಾಫಿಯ ಕಹಿ ತಿಳಿಯಲಿಲ್ಲ.

ಶ್ರಾವಣ ಕಳೆಯುವಷ್ಟರಲ್ಲಿ ಕಿವಿಯೊಳಗೆ ಜೀರುಂಡೆಗಳ ಸಂಸಾರ! ಆಮೇಲೆ ಜೀರುಂಡೆಯ ಹೊರತು ಬೇರೇನೂ ಕೇಳದಾಯಿತು. ಅಂಗಡಿಗೆ ಹರಟೆಗೆಂದು ಬರುತ್ತಿದ್ದ ಈಶ್ವರಯ್ಯ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಎದುರಂಗಡಿಯ ಜಗಲಿಗೆ ವಲಸೆ ಹೋದರು.

ದೀಪ ಹಚ್ಚಿದ ಮೇಲೆ ಗಂಡನ ಪಕ್ಕ ಕೂತು ದಿನದ ಸುದ್ದಿಯೆಲ್ಲ ಹೇಳುವುದು ಮದುವೆಯಾದಂದಿನಿಂದ ಬಸವಲಿಂಗಮ್ಮನವರ ಪದ್ಧತಿ. ಒಂದು ಸಂಜೆ ತಂಗಿ ಮಗಳ ಸಂಬಂಧದ ಗುಟ್ಟನ್ನು ಕೂಗಿ ಹೇಳಿದರು. ಮರುದಿನ ಬೀದಿಯವರೆಲ್ಲ ಗಂಡಿನ ಗುಣ ವಿಚಾರಿಸಿದರು! ಆಮೇಲೆ ಸುದ್ದಿಯೆಲ್ಲ ಪಕ್ಕದ ಮನೆಯ ನೀಲಾಂಬಿಕೆಯ ಪಾಲಾಯಿತು. ಪಂಚಾಕ್ಷರಯ್ಯ ನಡುಮನೆಯಲ್ಲಿ ಒಬ್ಬರೇ ಕೂತು, ಕಿಟಕಿಯಾಚೆ ಅಲುಗುವ ಹೆಂಡತಿಯ ತುಟಿಗಳನ್ನು ನೋಡುತ್ತಿದ್ದರು. ಜ್ವರವೇ ಬಂದಿದ್ದರೆ ವಾಸಿಯಿತ್ತು, ಹಣೆ ಮುಟ್ಟಿ ನೋಡಲಾದರೂ ಬರುತ್ತಿದ್ದಳು ಅನ್ನಿಸಿತು.

“ವಯಸ್ಸಾಯ್ತು, ಬುಡು” ಎಂದು ಗಂಡ ಅಂದರೂ ಕೇಳದೆ, ಬಸವಲಿಂಗಮ್ಮ ಅವರನ್ನು ಬಸ್ಸು ಹತ್ತಿಸಿ ಹಾಸನಕ್ಕೆ ಕರೆದೊಯ್ದರು. ಡಾಕ್ಟರು ಕಿವಿಯೊಳಗೆ ಇಣುಕಿ ನೋಡಿ ಕೇಳಿದರು:

“ಏನಾದ್ರೂ ಔಷಧಿ ತಗೋತಾರಾ?”

“ಕ್ವಿನೈನು ನುಂಗ್ತೀನಿ ಅಂತಾರೆ ಸಾ. ನಂಬೋದೆಂಗೆ? ಅದ್ಕೇ ನಾನೂ ಕಾಫೀಲಿ ಆಕ್ತೀನಿ.”

“ಅಯ್ಯೋ ತಾಯಿ, ಎರಡೂ ಹೊಟ್ಟೆಗೆ ಹೋಗಿದೆ! ಅದು ಹೆಚ್ಚಾದ್ರೆ ಕಿವಿ ಮಂದವಾಗುತ್ತೆ. ಇವತ್ತೇ ನಿಲ್ಲಿಸಿ. ಕಿವಿ ಎಷ್ಟು ವಾಪಸ್ ಬರುತ್ತೋ, ಹೇಳಲಾರೆ.”

ಬಸವಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, ಅರೆಯುವಂತೆ, ಬೆರೆಸುವಂತೆ, ಕಾಫಿ ಕೊಡುವಂತೆ ಕೈಯಲ್ಲೇ ಎಲ್ಲ ಒಪ್ಪಿಸಿದರು.

“ನನ್ನ ನಂಬ್ಲಿಲ್ವೇನೇ!” ಎಂದು ಪಂಚಾಕ್ಷರಯ್ಯ ಗುಡುಗಿದರು. ಆಸ್ಪತ್ರೆಯೆಲ್ಲ ತಿರುಗಿ ನೋಡಿತು. ಹೆಂಡತಿ ಕೊಟ್ಟ ಉತ್ತರ ಆಸ್ಪತ್ರೆಗೆಲ್ಲ ಕೇಳಿಸಿತು, ಅವರಿಗೊಬ್ಬರಿಗೆ ಬಿಟ್ಟು.

ದಸರೆಯ ಹೊತ್ತಿಗೆ ಬಲಗಿವಿ ತೆರೆಯಿತು, ಎಡಗಿವಿ ತೆರೆಯಲಿಲ್ಲ. ಈಗ ಬಸವಲಿಂಗಮ್ಮ ಸಂಜೆ ಗಂಡನ ಬಲಕ್ಕೆ ಕೂತು ಸುದ್ದಿ ಹೇಳುತ್ತಾರೆ. ಬಯ್ಯುವುದಿದ್ದಾಗ ಮಾತ್ರ ಎದ್ದು ಎಡಕ್ಕೆ ಹೋಗುತ್ತಾರೆ.