ಏಳು ಅಂದರೆ ಎಂಟು

ಒಂದನೇ ಕ್ಲಾಸಿಗೆ ಅಂಕಿ ಕಲಿಸುವ ಮೇಷ್ಟ್ರು ವಾರಕ್ಕೊಮ್ಮೆಯಾದರೂ ಪೆಚ್ಚಾಗದೆ ಮನೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಎಪ್ಪತ್ತರ ದಶಕದಲ್ಲಿ ಜಗಳೂರು ಕಡೆ ಕೆಲಸಕ್ಕೆ ಸೇರಿ, ಆಮೇಲೆ ವರ್ಗ ಮಾಡಿಸಿಕೊಂಡು ಚನ್ನಗಿರಿ, ನ್ಯಾಮತಿ ಸುತ್ತಿನ ಹಳ್ಳಿಗಳಲ್ಲಿ ಪಾಠ ಮಾಡಿದವನು ನಾನು. ಊರು ಬದಲಾಯಿತು, ಪೆಚ್ಚಾಗುವುದು ತಪ್ಪಲಿಲ್ಲ.

ಸೊನ್ನೆ

ಜಗಳೂರಿನ ಹತ್ತಿರದ ಹಳ್ಳಿ, ಕೆಲಸಕ್ಕೆ ಸೇರಿದ ಹೊಸತು. ಮಕ್ಕಳಿಗೆ ಎಣಿಸಲು ಬರುತ್ತಿತ್ತು, ಸೊನ್ನೆ ಮಾತ್ರ ಅರ್ಥವಾಗುತ್ತಿರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಏನೂ ಇಲ್ಲ ಅಂದ್ಮೇಲೆ ಅದನ್ನ ಯಾಕೆ ಬರೀಬೇಕು ಸಾ?" ಎಂದಳು.

ವಸ್ತು ತೋರಿಸಿ ಕಲಿಸಬೇಕೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಮರುದಿನ ಒಂದು ಚೀಲ ಶೇಂಗಾ ತಂದು ಎಲ್ಲರಿಗೂ ಹತ್ತು ಹತ್ತು ಕೊಟ್ಟೆ.

"ಎಷ್ಟಿವೆ?"

"ಹತ್ತು!"

"ನಂದು ಇಪ್ಪತ್ತೊಂದು ಸಾ," ಎಂದ ಒಬ್ಬ. ಅವನು ಆಗಲೇ ಸುಲಿದಿದ್ದ. "ಒಂದ್ರಾಗೆ ಮೂರು ಬೀಜ ಬಂದಾವೆ."

ತಮ್ಮದರಲ್ಲೂ ಮೂರು ಇರಬಹುದೆಂದು ಎಲ್ಲರೂ ಸುಲಿಯತೊಡಗಿದರು. ನಾನು ಬೋರ್ಡಿನ ಮೇಲೆ ಹತ್ತು ಬರೆದು ತಿರುಗುವಷ್ಟರಲ್ಲಿ ಇಡೀ ಕ್ಲಾಸಿನ ದವಡೆ ಆಡುತ್ತಿತ್ತು.

"ಈಗ ಎಷ್ಟಿವೆ?" ಎಂದು ಗದರಿದೆ.

ಅದೇ ಹುಡುಗಿ ಬಾಯಿ ಒರೆಸಿಕೊಂಡು, ಸ್ಲೇಟಿನ ಮೇಲೆ ದುಂಡಗೆ ಸೊನ್ನೆ ಬರೆದು ತೋರಿಸಿದಳು. "ಇದಕ್ಕೇನಾ ಸಾ ಬರಿಯೋದು? ಈಗ ಗೊತ್ತಾತು. ನಾಳೆನೂ ಸೊನ್ನೆನೇ ಕಲಿಸ್ರಿ."

ನೂರಾ ಐದು

ಸೂಳೆಕೆರೆ ಹಿಂದಿನ ಊರಿನಲ್ಲಿ ಒಂದು ಕೂಸು ನೂರಾ ಐದನ್ನು 1005 ಎಂದು ಬರೆಯಿತು. ತಪ್ಪು ಎಂದು ಗೀಟು ಎಳೆದು ಕಳಿಸಿದೆ. ಮರುದಿನ ಸ್ಲೇಟು ಹಿಡಿದು ಅಜ್ಜಿ ಬಂದರು.

"ನೂರಾ ಐದು ಅಂದ್ರಂತೆ. ಕೂಸು ನೂರು ಬರ್ದೈತೆ, ಐದು ಬರ್ದೈತೆ. ಇದ್ರಾಗೆ ತಪ್ಪು ಏನೈತ್ರೀ?"

ನಾನು 105 ಬರೆದು ತೋರಿಸಿದೆ. ಅಜ್ಜಿ ಬೆರಳಿಟ್ಟು ನೋಡಿದರು.

"ನೂರಕ್ಕೆ ಎರಡು ಸೊನ್ನೆ ಅಲ್ಲೇನು? ಇನ್ನೊಂದು ಎಲ್ಲಿ ಹೋತು?"

"ಅದರ ಜಾಗದಲ್ಲಿ ಐದು ಕೂತಿದೆ ಅಜ್ಜಿ."

"ಪಕ್ಕದಾಗೆ ಇಷ್ಟು ಜಾಗ ಖಾಲಿ ಐತಲ್ರೀ ಮೇಷ್ಟ್ರೇ, ಅಲ್ಲಿ ಕೂರಾಕೆ ಅದಕ್ಕೇನು ರೋಗ?"

ಆರು, ಒಂಬತ್ತು

ಬಸವಾಪಟ್ಟಣದ ಹತ್ತಿರ ಒಬ್ಬ ಹುಡುಗ ಒಂಬತ್ತು ಬರಿ ಅಂದರೆ 6 ಬರೆದಿದ್ದ. "ಇದು ಆರು. ಒಂಬತ್ತು ಬರಿ," ಎಂದೆ. ಸ್ಲೇಟನ್ನು ತಲೆಕೆಳಗು ಮಾಡಿ ಹಿಡಿದ. "ಹಂಗಲ್ಲಪ್ಪ, ಅಳಿಸಿ ಬರಿ," ಎಂದೆ. ಅವನು ಸ್ಲೇಟನ್ನು ಮೊದಲಿನಂತೆ ತಿರುಗಿಸಿ ನೆಲಕ್ಕಿಟ್ಟು, ಬಹಳ ತಾಳ್ಮೆಯಿಂದ ಹೇಳಿದ: "ಬಳಪ ಸವೀತೈತೆ ಸಾ. ನೀವೇ ಆ ಕಡೆ ಹೋಗಿ ನಿಂತ್ಕೊಳ್ರಿ."

ಸಾಹೇಬರು ಬಂದ ದಿನ

ಎಂಬತ್ತರ ದಶಕ. ಸವಳಂಗದ ರಸ್ತೆಯ ಒಂದು ಹಳ್ಳಿಯಲ್ಲಿದ್ದೆ. ಹೆಂಡತಿ ಮಕ್ಕಳು ಹೊನ್ನಾಳಿಯಲ್ಲಿದ್ದರು, ನನಗೆ ಅಲ್ಲಿಗೆ ವರ್ಗ ಬೇಕಿತ್ತು. ತಪಾಸಣೆಗೆ ಬರುವ ಸಾಹೇಬರು ಒಳ್ಳೆಯ ವರದಿ ಬರೆದರೆ ಮಾತ್ರ ಆಗುವ ಕೆಲಸ ಅದು. ಅದಕ್ಕೇ ಹದಿನೈದು ದಿನ ಮಕ್ಕಳಿಗೆ ಒಂದೇ ಅಭ್ಯಾಸ ಮಾಡಿಸಿದೆ: ನಾನು ಒಂದು ಸಂಖ್ಯೆ ಹೇಳಬೇಕು, ಅವರು ಅದರ ಮುಂದಿನದನ್ನು ಕೂಗಬೇಕು.

ಸಾಹೇಬರು ಬಂದರು. ಮುಂದೆ ಕೂತ ಹುಡುಗನಿಗೆ ಬೆರಳು ತೋರಿಸಿ, "ಏಳು," ಎಂದರು.

ಹುಡುಗ ಕೂತಲ್ಲೇ, "ಎಂಟು!" ಎಂದ.

"ಏಯ್, ಏಳು ಅಂದೆ!"

"ಎಂಟು!" ಈ ಸಲ ಇಡೀ ಕ್ಲಾಸು ಕೂಗಿತು.

"ಏನ್ರೀ ಇದು? ಎದ್ದು ನಿಲ್ಲೋದನ್ನೂ ಕಲಿಸಿಲ್ವಾ?"

ನಾನು ತೊದಲುತ್ತ ವಿವರಿಸಿದೆ. ಸಾಹೇಬರು ನಗಲಿಲ್ಲ. ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಹೊನ್ನಾಳಿ ಕೈತಪ್ಪಿತು ಅಂದುಕೊಂಡೆ.

ಸಂಜೆ ಕೊನೆಯ ಬಸ್ಸಿಗೆ ಅವರನ್ನು ಹತ್ತಿಸಲು ಹೊರಟೆ. ಮಕ್ಕಳೆಲ್ಲ ಹಿಂದೆಯೇ ಬಂದರು. ಬಸ್ಸು ತುಂಬಿ ತುಳುಕುತ್ತಿತ್ತು. ಸಾಹೇಬರ ಮುಂದೆ ಒಬ್ಬ ಕೋಳಿಬುಟ್ಟಿ ಹಿಡಿದು ಮೆಟ್ಟಿಲ ಹತ್ತಿರ ಹಿಂದೆ ಮುಂದೆ ನೋಡುತ್ತಿದ್ದ. ಒಳಗೆಲ್ಲೋ ಸಿಕ್ಕಿಕೊಂಡಿದ್ದ ಕಂಡಕ್ಟರ್ ಅವನಿಗೆ ಕೂಗಿದ:

"ಲೇ, ಹತ್ತು! ಬೇಗ ಹತ್ತು!"

"ಹನ್ನೊಂದು!" ಎಂದರು ನನ್ನ ಮಕ್ಕಳು, ಒಂದೇ ದನಿಯಲ್ಲಿ.

"ಹನ್ನೊಂದು ಮಂದಿನಾ? ಕಾಲಿಡಾಕೆ ಜಾಗ ಇಲ್ಲ! ರೈಟ್, ರೈಟ್!"

ಕೋಳಿಯವನು ಹತ್ತಿದ. ಸಾಹೇಬರು ಒಂದು ಕಾಲು ಎತ್ತಿಕೊಂಡು ಧೂಳಿನಲ್ಲಿ ಉಳಿದರು. ಸ್ವಲ್ಪ ಹೊತ್ತಿನ ಮೇಲೆ ಕಾಲು ಕೆಳಗಿಟ್ಟು, "ಮುಂದಿನ ಬಸ್ಸು?" ಎಂದರು.

"ನಾಳೆ ಬೆಳಿಗ್ಗೆ ಸಾರ್. ಏಳು..."

ಬಾಯಿ ಮುಚ್ಚಿಕೊಂಡೆ, ತಡವಾಗಿತ್ತು.

"ಎಂಟು!"

ಸಾಹೇಬರು ಮೋರಿ ಕಟ್ಟೆಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರಾತ್ರಿ ನನ್ನ ರೂಮಿನಲ್ಲೇ ಉಳಿದು, ನಾನು ಸುಟ್ಟ ರೊಟ್ಟಿಯನ್ನು ಗೊಣಗದೆ ತಿಂದರು.

ಮುಂದಿನ ತಿಂಗಳು ಹೊನ್ನಾಳಿಗೆ ವರ್ಗವಾಯಿತು. ಜೊತೆಗೆ ತಪಾಸಣೆ ವರದಿಯೂ ಬಂತು. ಅದರಲ್ಲಿ ಎರಡೇ ಸಾಲು: "ಮಕ್ಕಳಿಗೆ ಮುಂದಿನ ಸಂಖ್ಯೆ ಚೆನ್ನಾಗಿ ಬರುತ್ತದೆ. ಸುಮ್ಮನಿರುವುದನ್ನು ತುರ್ತಾಗಿ ಕಲಿಸತಕ್ಕದ್ದು."